ವೆಲ್ಡಿಂಗ್ ಮೆಷಿನ್ನಿಗೆ ನಾನು ಮಾಡಿದ ಚಿಕಿತ್ಸೆ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವನು ನಾನು. ಶಾಖ, ವಿದ್ಯುತ್ತು, ಕಾಂತತ್ವ, ಮೂರನ್ನೂ ಅರೆದು ಕುಡಿದವನು! ಅಂಥವನ ಮನೆಯಲ್ಲೇ ಒಂದು ವೆಲ್ಡಿಂಗ್ ಮೆಷಿನ್ ಎಂಟು ನಿಮಿಷ ಕೆಲಸ ಮಾಡಿ, ಬಿಸಿಯಾಗಿ, ಮುನಿಸಿಕೊಂಡು ಕೂತುಬಿಡುತ್ತದೆಂದರೆ ಅದು ನನಗಲ್ಲ, ಇಡೀ ವಿಜ್ಞಾನಕ್ಕೇ ಅವಮಾನ. ಹಾಗಾಗಿ ಆ ಶನಿವಾರ ಬೆಳಗ್ಗೆ ಒಂಬತ್ತು ಗಂಟೆ ಹದಿಮೂರು ನಿಮಿಷಕ್ಕೆ, ಒಂದು ಕೈಯಲ್ಲಿ ಚಹಾ ಲೋಟ, ಇನ್ನೊಂದು ಕೈ ಸೊಂಟದ ಮೇಲೆ, ನಾನೊಂದು ಘನಘೋರ ಪ್ರತಿಜ್ಞೆ ಮಾಡಿದೆ.

“ಮಧ್ಯಾಹ್ನದ ಊಟದೊಳಗೆ ಇದರ ಕಾಯಿಲೆ ವಾಸಿ ಮಾಡ್ದೇ ಇದ್ರೆ ನಾನು ಮೇಷ್ಟ್ರೇ ಅಲ್ಲ!”

“ಈಗ್ಲೂ ಅಲ್ವಲ್ಲ. ರಿಟೈರ್ ಆಗಿ ಎರಡು ತಿಂಗಳಾಯ್ತು,” ಎಂದಳು ಹೆಂಡತಿ, ಮುಖದ ಮುಂದಿನ ಕಪ್ಪು ಗಾಜನ್ನು ಮೇಲಕ್ಕೆತ್ತಿ.

“ಕುರ್ಚಿ ಬಿಟ್ಟು ಬಂದಿದೀನಿ, ತಲೇನೂ ಅಲ್ಲೇ ಬಿಟ್ಟು ಬಂದಿಲ್ಲ ಕಣೇ!”

“ಸರಿ. ಅದು ತಣ್ಣಗಾಗೋವರೆಗೆ ನಾನು ಹಿತ್ತಲಲ್ಲಿ ಪೈಪ್ ಕತ್ತರಿಸ್ತಿರ್ತೀನಿ. ನೀವು ಇಲ್ಲೇ ನೋಡ್ತಿರಿ. ನೋಡೋದು ಅಂದ್ರೆ ಕಣ್ಣಲ್ಲಿ. ಕೈಯಲ್ಲಲ್ಲ!”

ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಅವಳು ಹೊರಟುಹೋದಳು.

ಇಲ್ಲೊಂದು ಮಾತು ಹೇಳಿಬಿಡಬೇಕು. ನಮ್ಮ ಮನೆಯಲ್ಲಿ ವೆಲ್ಡಿಂಗ್ ಮಾಡುವವನು ನಾನಲ್ಲ, ಅವಳು. ಮನೆಗೆ ಅಂಟಿಕೊಂಡೇ ಇರುವ ಶೆಡ್ಡು ಅವಳ ಅಪ್ಪನದು. ನನ್ನ ಮಾವ ತೀರಿಕೊಂಡ ಹದಿನಾರನೇ ದಿನ, ಅರ್ಧಕ್ಕೆ ನಿಂತಿದ್ದ ಒಂದು ಗೇಟು ಮುಗಿಸಿಕೊಡಲು ಕೈಗೆ ವೆಲ್ಡಿಂಗ್ ರಾಡು ಹಿಡಿದವಳು ಇವತ್ತಿಗೂ ಕೆಳಗಿಟ್ಟಿಲ್ಲ. ಬೀದಿಯ ಅರ್ಧ ಗೇಟುಗಳು ಅವಳ ಕೈಯಲ್ಲೇ ಹುಟ್ಟಿದವು. ನಾನು ಕಪ್ಪುಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಕಿಡಿ ಬಿಡಿಸಿ ತೋರಿಸುತ್ತಿದ್ದ ಕಾಲದಲ್ಲಿ ಅವಳು ನಿಜವಾದ ಕಿಡಿ ಹಾರಿಸಿ ಮನೆ ನಡೆಸುತ್ತಿದ್ದಳು.

ಮೆಷಿನ್ನೂ ಮಾವನದೇ. ಸೊಂಟದೆತ್ತರ, ಒಂದು ಕಾಲದಲ್ಲಿ ಹಸಿರು ಬಣ್ಣ ಇದ್ದಿರಬಹುದಾದ ಮೈ, ಎರಡು ಚಕ್ರ, ಅದರಲ್ಲಿ ಒಂದು ತಿರುಗುವುದಿಲ್ಲ. ಒಳಗೆ ದಪ್ಪ ತಾಮ್ರದ ಸುರುಳಿ, ಹಿಂದೆ ಒಂದು ಫ್ಯಾನು. ಸುರುಳಿ ಮಿತಿ ಮೀರಿ ಕಾದರೆ ಒಳಗಿನ ಒಂದು ಪುಟ್ಟ ರಕ್ಷಕ ಸ್ವಿಚ್ಚು ತಾನಾಗಿ ಸುರುಳಿಯ ಕರೆಂಟು ಕಡಿಯುತ್ತದೆ. ತಣ್ಣಗಾದರೆ ತಾನಾಗಿ ಜೋಡಿಸುತ್ತದೆ. ಮಾವನ ಕಾಲದಿಂದಲೂ ಇದು ಹೀಗೇ: ಎಂಟು ನಿಮಿಷ ಕೆಲಸ, ಐದಾರು ನಿಮಿಷ ವಿರಾಮ. ಆದರೆ ಇತ್ತೀಚೆಗೆ ಆ ಐದಾರು ನಿಮಿಷ ಬೆಳೆದು ಬೆಳೆದು ಮುಕ್ಕಾಲು ಗಂಟೆಗೆ ಬಂದು ಮುಟ್ಟಿತ್ತು. ಹೋದ ವಾರ ಹೆಂಡತಿ, “ಅಮ್ಮಾ, ಇದರ ಕಾಲ ಮುಗೀತು ಕಣಮ್ಮ. ಗುಜರಿಗೆ ಹಾಕೋದೇ,” ಎಂದಿದ್ದಳು. ನಮ್ಮ ಜೊತೆಗೇ ಇರುವ ಅತ್ತೆ ತಟ್ಟೆ ಹಾಗೇ ಸರಿಸಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮೆಷಿನ್ನನ್ನು ಗುಜರಿಗೆ ಬಿಡಬಾರದೆಂದು ನಾನು ಅಂದೇ ನಿರ್ಧರಿಸಿದ್ದೆ.

ಇಷ್ಟೇ ಆಗಿದ್ದರೆ ನಿಧಾನವಾಗಿ ನೋಡಬಹುದಿತ್ತು. ಆದರೆ ಆ ದಿನ ಸಂಜೆ ಐದು ಗಂಟೆಗೆ ಎದುರು ಮನೆಯ ನರ್ಸಕ್ಕ ಆಸ್ಪತ್ರೆಯಿಂದ ಬರುವವರಿದ್ದರು!

ನರ್ಸಕ್ಕ ಎಂದರೆ ನಲವತ್ತು ವರ್ಷ ಬೇರೆಯವರ ಮಂಚದ ಪಕ್ಕ ನಿಂತು ಕಾಲ ಕಳೆದವರು. ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಬಡಿಯುವ ಬಾಗಿಲು ಅವರದು. ಈಗ ಅವರ ಮಂಡಿಗೇ ಆಪರೇಷನ್ ಆಗಿತ್ತು. ಅವರ ಮನೆಗೆ ಹತ್ತಬೇಕಾದರೆ ಒಂಬತ್ತು ಮೆಟ್ಟಿಲು. ಹಿಡಿದುಕೊಳ್ಳಲು ಆ ಕಡೆಯೂ ಏನಿಲ್ಲ, ಈ ಕಡೆಯೂ ಏನಿಲ್ಲ. ಡಾಕ್ಟರು ಖಂಡತುಂಡವಾಗಿ ಹೇಳಿದ್ದರು: ಎರಡೂ ಕಡೆ ಕಂಬಿ ಇದ್ದರೆ ಮನೆಗೆ, ಇಲ್ಲದಿದ್ದರೆ ಆರು ವಾರ ಆರೈಕೆ ಕೇಂದ್ರಕ್ಕೆ. ಯಾರೆದುರೂ ಕಣ್ಣಲ್ಲಿ ನೀರು ಹಾಕದ ನರ್ಸಕ್ಕ ಫೋನಿನಲ್ಲಿ ನನ್ನ ಹೆಂಡತಿಯ ಹತ್ತಿರ ಅತ್ತುಬಿಟ್ಟಿದ್ದರು.

“ನಲವತ್ತು ವರ್ಷ ಬೇರೆಯವರಿಗೆ ದಿಂಬು ಸರಿಮಾಡಿದೀನಿ ಕಣಮ್ಮ. ಇನ್ನು ಆರು ವಾರ ನನಗೆ ಯಾರೋ ದಿಂಬು ಸರಿಮಾಡ್ತಾ ಕೂತ್ರೆ ನಾನು ನಿಜವಾಗ್ಲೂ ರೋಗಿ ಆಗ್ಬಿಡ್ತೀನಿ.”

“ನೀವು ಬನ್ನಿ ನರ್ಸಕ್ಕ. ಕಂಬಿ ಇರತ್ತೆ,” ಎಂದಿದ್ದಳು ಇವಳು. ಸೋಮವಾರ ಎಂದಿದ್ದ ಡಿಸ್ಚಾರ್ಜು ಶನಿವಾರಕ್ಕೇ ಬಂತು. ಕಂಬಿಯಲ್ಲಿ ಬೆಸುಗೆ ಹಾಕಬೇಕಾದ ಜಾಗಗಳು ಒಟ್ಟು ಮೂವತ್ತಾರು. ಒಂಬತ್ತೂ ಹದಿಮೂರಕ್ಕೆ ಆಗಿದ್ದವು ನಾಲ್ಕು.

ಈಗ ಹೇಳಿ, ಇಂಥ ಹೊತ್ತಿನಲ್ಲಿ ಒಬ್ಬ ಭೌತಶಾಸ್ತ್ರಜ್ಞ ಕೈಕಟ್ಟಿ ಕೂರಲು ಸಾಧ್ಯವೇ?

ವಿಜ್ಞಾನದ ಮೊದಲ ಹೆಜ್ಜೆ ವೀಕ್ಷಣೆ. ಹೊಸ ನೋಟ್‌ಬುಕ್ ತೆಗೆದೆ. ಸ್ಕೇಲು ಇಟ್ಟು ಗೆರೆ ಎಳೆದೆ. ಮೇಲೆ ದೊಡ್ಡ ಅಕ್ಷರದಲ್ಲಿ ‘ಪ್ರಯೋಗದ ವರದಿ’ ಎಂದು ಬರೆದು ಅಡಿಗೆರೆ ಹಾಕಿದೆ. ಹೆಂಡತಿ ಒಮ್ಮೆ ಇಣುಕಿ, “ಅಡಿಗೆರೆಗೆ ಹತ್ತು ನಿಮಿಷ ಹೋಯ್ತು,” ಎಂದು ಹೇಳಿ ಮತ್ತೆ ಹಿತ್ತಲಿಗೆ ಹೋದಳು. ಅವಳು ಪೈಪು ಕತ್ತರಿಸುವ ಕಿರ್ರ್ ಸದ್ದಿನಲ್ಲಿ ನನ್ನ ಉತ್ತರ ಅವಳಿಗೆ ಕೇಳಿಸಲಿಲ್ಲ. ಒಳ್ಳೆಯದೇ ಆಯಿತು.

ಮೆಷಿನ್ ಮತ್ತೆ ಹೊರಟಾಗ ಒಂಬತ್ತೂ ಐವತ್ತೈದು. ಆರೇ ನಿಮಿಷಕ್ಕೆ ನಿಂತಿತು. ನಾನು ಎಲ್ಲವನ್ನೂ ನಿಮಿಷ ಬಿಡದೆ ಬರೆದೆ. ನನ್ನ ಮೊದಲ ಸಿದ್ಧಾಂತ ಸಿದ್ಧವಾಯಿತು: ಗಾಳಿ ಸಾಲದು!

ಗಾಳಿ ಎಲ್ಲಿದೆ? ಅತ್ತೆಯ ಕೋಣೆಯಲ್ಲಿದೆ. ನಿಂತುಕೊಂಡೇ ತಿರುಗುವ ಅವರ ದೊಡ್ಡ ಫ್ಯಾನನ್ನು ಕುತ್ತಿಗೆ ಹಿಡಿದು ಎತ್ತಿಕೊಂಡು ಬಂದೆ. ನಮ್ಮ ಕೋಣೆಯ ಟೇಬಲ್ ಫ್ಯಾನು ತಂದೆ. ಅಡುಗೆಮನೆಯ ಕಿಟಕಿಯಿಂದ ಹೊಗೆ ಹೊರಹಾಕುವ ಫ್ಯಾನನ್ನೂ ಬಿಚ್ಚಿ ತಂದು ಸ್ಟೂಲಿನ ಮೇಲೆ ನಿಲ್ಲಿಸಿದೆ. ಮೂರೂ ಕಡೆಯಿಂದ ಗಾಳಿಯ ಮುತ್ತಿಗೆ! ಶೆಡ್ಡಿನಲ್ಲಿ ಬಿರುಗಾಳಿ ಎದ್ದಿತು. ಕಬ್ಬಿಣದ ಪುಡಿ ಹಾರಿತು, ಅಳತೆಯ ಚೀಟಿಗಳು ಹಾರಿದವು, ನನ್ನ ತಲೆಯ ಮೇಲೆ ಉಳಿದಿದ್ದ ನಾಲ್ಕು ಕೂದಲೂ ಎದ್ದು ನಿಂತವು.

“ರೀ, ಕಂಬಿಯ ಅಳತೆ ಬರೆದಿದ್ದ ಚೀಟಿ ಎಲ್ಲಿ?”

“ವಿಜ್ಞಾನದಲ್ಲಿ ಸ್ವಲ್ಪ ನಷ್ಟ ಇದ್ದೇ ಇರತ್ತೆ.”

“ಆ ನಷ್ಟನ ಹೋಗಿ ಚರಂಡಿಯಿಂದ ಎತ್ಕೊಂಡು ಬನ್ನಿ!”

ಎತ್ತಿಕೊಂಡು ಬಂದೆ. ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ: “ಅಳಿಯಂದಿರೇ, ನನ್ನ ಫ್ಯಾನ್ ಎಲ್ಲಿ ಹೋಯ್ತು?”

“ಕೆಲಸಕ್ಕೆ ಹೋಗಿದೆ ಅತ್ತೆ!”

“ಯಾವಾಗ ಬರತ್ತೆ?”

ಪಾಪ, ಅವರು ಬೆವರು ಒರೆಸಿಕೊಂಡು ಸ್ನಾನಕ್ಕೆ ಹೋದರು. ಹತ್ತೂ ನಲವತ್ತೈದಕ್ಕೆ ಹೊರಟ ಮೆಷಿನ್ ಮೂರು ಫ್ಯಾನುಗಳ ಭವ್ಯ ಸ್ವಾಗತದ ನಡುವೆಯೂ ಐದೇ ನಿಮಿಷಕ್ಕೆ ಕಣ್ಣು ಮುಚ್ಚಿತು. ಒಟ್ಟು ಬೆಸುಗೆ ಹತ್ತು. ಹೆಂಡತಿ ಗಡಿಯಾರ ನೋಡಿದಳು, ಎದುರು ಮನೆಯ ಮೆಟ್ಟಿಲು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಆ ನೋಟದಲ್ಲಿ ನನಗೆ ಹೇಳುವಂಥದ್ದು ಬಹಳ ಇತ್ತು, ಆದರೆ ಅವಳಿಗೆ ಅದಕ್ಕೆ ಪುರುಸೊತ್ತಿರಲಿಲ್ಲ.

ಎರಡನೇ ಸಿದ್ಧಾಂತ: ಮನೆಯ ಬೇರೆ ಉಪಕರಣಗಳು ಮೆಷಿನ್ನಿನ ಪಾಲಿನ ಕರೆಂಟು ಕದಿಯುತ್ತಿವೆ! ಒತ್ತಡ ಕಡಿಮೆಯಾದರೆ ಯಂತ್ರ ಏದುಸಿರು ಬಿಡುತ್ತದೆ, ಬಿಸಿಯಾಗುತ್ತದೆ. ಎಂಥ ಸುಂದರ ತರ್ಕ! ಮನೆಯೊಳಗೆ ನುಗ್ಗಿದೆ. ಫ್ರಿಜ್ಜು, ಟಪ್! ನೀರಿನ ಪಂಪು, ಟಪ್! ಗೀಸರು, ಟಪ್! ಬೆರಳ ತುದಿಯಲ್ಲಿ ಒಂದು ಸಾಮ್ರಾಜ್ಯವನ್ನೇ ಮಣಿಸಿದ ಸಂತೋಷದಲ್ಲಿ ನಿಂತಿದ್ದೆ.

ಬಚ್ಚಲುಮನೆಯಿಂದ ಒಂದು ಚೀತ್ಕಾರ ಬಂತು.

“ಯಾರದು ಬಿಸಿನೀರು ನಿಲ್ಸಿದ್ದು? ತಲೆ ತುಂಬ ಸೋಪು! ಕಣ್ಣು ಬಿಡೋಕಾಗ್ತಿಲ್ಲ! ಅಯ್ಯೋ, ತಣ್ಣೀರೂ ನಿಂತ್ಹೋಯ್ತು!”

“ಎರಡು ನಿಮಿಷ ಅತ್ತೆ! ಒಂದು ಪ್ರಯೋಗ ನಡೀತಿದೆ!”

“ನನ್ನ ಮೇಲಾ?”

ಓಡಿಹೋಗಿ ಪಂಪು ಹಾಕಿದೆ, ಗೀಸರು ಹಾಕಿದೆ. ಫ್ರಿಜ್ಜನ್ನು ಮರೆತೆ. ಅದರ ಪರಿಣಾಮವಾಗಿ ಹಾಲು ಒಡೆದ ಸುದ್ದಿ ಸಂಜೆ ತಿಳಿಯಿತು. ಆ ಹೊತ್ತಿಗೆ ನನ್ನ ಅಪರಾಧಗಳ ಪಟ್ಟಿ ಎಷ್ಟು ಉದ್ದ ಬೆಳೆದಿತ್ತೆಂದರೆ ಹಾಲಿನ ವಿಷಯ ಯಾರೂ ದೊಡ್ಡದು ಮಾಡಲಿಲ್ಲ.

ಹನ್ನೊಂದೂವರೆಗೆ ನರ್ಸಕ್ಕನ ಫೋನು ಬಂತು.

“ಪೇಪರೆಲ್ಲ ಸಹಿ ಆಯ್ತಮ್ಮ. ‘ಮನೆಯಲ್ಲಿ ಕಂಬಿ ಇದೆಯಾ?’ ಅಂತ ಮತ್ತೆ ಕೇಳಿದ್ರು. ಇದೆ ಅಂದಿದೀನಿ. ಇದೆ ತಾನೇ?”

ಹೆಂಡತಿ ಒಂದು ಕ್ಷಣ ಕಣ್ಣು ಮುಚ್ಚಿ, “ಇದೆ ನರ್ಸಕ್ಕ,” ಎಂದಳು. ಫೋನಿಟ್ಟು ಡ್ರಿಲ್ಲಿಂಗ್ ಮೆಷಿನ್ ಹೆಗಲಿಗೆ ಹಾಕಿಕೊಂಡಳು. “ಮೆಟ್ಟಿಲಿಗೆ ತೂತು ಹೊಡೆದು ಬರ್ತೀನಿ. ಕಂಬಿ ತಯಾರಾದ ತಕ್ಷಣ ಕೂರಿಸೋಕೆ ಆಗ್ಬೇಕು. ಒಂದೂವರೆ ಗಂಟೆ ಹಿಡಿಯತ್ತೆ. ನೀವು...” ಎಂದು ಬೆರಳೆತ್ತಿದಳು.

“ಕಣ್ಣಲ್ಲಿ. ಕೈಯಲ್ಲಲ್ಲ,” ಎಂದೆ ವಿಧೇಯ ವಿದ್ಯಾರ್ಥಿಯ ಹಾಗೆ.

ಅವಳು ರಸ್ತೆ ದಾಟುವವರೆಗೆ ನಾನು ನಿಜವಾಗಿಯೂ ಕಣ್ಣಲ್ಲೇ ನೋಡಿದೆ. ಆಮೇಲೆ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದೆ.

ನನ್ನನ್ನು ಬೈಯುವ ಮೊದಲು ಸ್ವಲ್ಪ ಯೋಚಿಸಿ. ಅವಳು ಫೋನಿನಲ್ಲಿ ‘ಇದೆ’ ಎಂದಾಗ ಅವಳ ದನಿ ಸಣ್ಣಗೆ ನಡುಗಿದ್ದನ್ನು ನಾನು ಕೇಳಿದ್ದೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ಕೊಟ್ಟ ಮಾತಿಗೆ ತಪ್ಪಿದ್ದು ನಾನು ನೋಡಿಲ್ಲ. ಇವತ್ತು ಅವಳನ್ನು ನಾನೇ ಕಾಪಾಡಬೇಕು ಅನ್ನಿಸಿತು. ಹೀಗೆ ಅನ್ನಿಸುವುದೇ ನನ್ನ ಹಳೆಯ ಕಾಯಿಲೆ.

ಮೆಷಿನ್ನಿನ ಮೈಗೆ ಹದಿನಾಲ್ಕು ಸ್ಕ್ರೂ. ಹದಿಮೂರು ಸಲೀಸಾಗಿ ಬಂದವು, ಹದಿನಾಲ್ಕನೆಯದು ನನ್ನ ಬೆರಳಿನ ಚರ್ಮದ ಸಮೇತ ಬಂತು. ಮುಚ್ಚಳ ತೆಗೆದರೆ ಒಳಗೆ ಕಪ್ಪು ಧೂಳು, ಸುರುಳಿಯ ಸಂದಿಸಂದಿಯಲ್ಲೂ ಕಬ್ಬಿಣದ ಪುಡಿ! ನಾನು ಕುಣಿದಾಡಿದೆ. ಮೂರನೇ ಸಿದ್ಧಾಂತ ಕಣ್ಣೆದುರೇ ಬಿದ್ದಿತ್ತು: ಕಂಬಳಿ ಹೊದ್ದು ಮಲಗಿದ ಹಾಗೆ ಧೂಳು ಹೊದ್ದ ಸುರುಳಿ ಬಿಸಿಯಾಗದೆ ಇನ್ನೇನಾಗುತ್ತದೆ?

ಬಟ್ಟೆಯಲ್ಲಿ ಒರೆಸಲು ಕೂತರೆ ಸಂಜೆಯಾಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ನೆನಪಾಯಿತು. ಅದರ ಪೈಪನ್ನು ಹಿಂದಿನ ತೂತಿಗೆ ಸಿಕ್ಕಿಸಿದರೆ ಅದು ಎಳೆಯುವ ಬದಲು ಊದುತ್ತದೆ. ಅದನ್ನೂ ತಂದೆ. ಮೆಷಿನ್ನನ್ನು ತಿರುಗದ ಚಕ್ರದ ಸಮೇತ ದರದರ ಎಳೆದುಕೊಂಡು ಹಿತ್ತಲ ಬಾಗಿಲಿಗೆ ತಂದು, ಮೂಗಿಗೆ ಕರ್ಚೀಫು ಕಟ್ಟಿ, ಗುಂಡಿ ಒತ್ತಿದೆ.

ಮಾವನ ಕಾಲದಿಂದ ಕೂಡಿಟ್ಟಿದ್ದ ಧೂಳು ಒಂದೇ ಸಲಕ್ಕೆ ಆಕಾಶಕ್ಕೆದ್ದಿತು! ಹಗಲು ಹನ್ನೆರಡು ಗಂಟೆಗೆ ಹಿತ್ತಲಿನಲ್ಲಿ ಕತ್ತಲಾಯಿತು. ನಾನು ಕೆಮ್ಮಿದೆ, ಸೀನಿದೆ, ಆದರೆ ಗುಂಡಿ ಬಿಡಲಿಲ್ಲ. ಮೋಡ ಸರಿದ ಮೇಲೆ ನೋಡುತ್ತೇನೆ, ಹಗ್ಗದ ಮೇಲೆ ನಾಲ್ಕು ಬೆಡ್‌ಶೀಟು, ಎರಡು ದಿಂಬಿನ ಚೀಲ. ಬೆಳಗ್ಗೆ ಬಿಳಿಯಾಗಿದ್ದವು. ಈಗ ಮೆಷಿನ್ನಿಗಿಂತ ಕಪ್ಪಗಿದ್ದವು. ಹಗ್ಗದ ಆಚೆ ತುದಿಯಲ್ಲಿ ಸ್ನಾನ ಮುಗಿಸಿ, ಕೂದಲು ಒಣಗಿಸಲು ನಿಂತಿದ್ದ ಅತ್ತೆ. ಅವರಲ್ಲಿ ಬಿಳಿಯಾಗಿ ಉಳಿದದ್ದು ಕಣ್ಣು ಮಾತ್ರ.

“ಅಳಿಯಂದಿರೇ,” ಎಂದರು ಅವರು ತುಂಬ ಶಾಂತವಾಗಿ. “ಅವು ನಮ್ಮ ಬೆಡ್‌ಶೀಟಲ್ಲ. ನರ್ಸಕ್ಕನದು. ಬಂದ ತಕ್ಷಣ ಮಡಿ ಹಾಸಿಗೆ ಮೇಲೆ ಮಲಗ್ಲಿ ಅಂತ ಬೆಳಗ್ಗೆ ನಾನೇ ಕೈಯಾರೆ ಒಗೆದು ಹಾಕಿದ್ದೆ.”

“ಒಗೀತೀನಿ ಅತ್ತೆ. ಮೊದಲು ಇದೊಂದು ಮುಚ್ಚಿಬಿಡ್ತೀನಿ,” ಎಂದು ಒಳಗೆ ಓಡಿದೆ.

ಬಿಚ್ಚುವುದು ಭೌತಶಾಸ್ತ್ರ. ಜೋಡಿಸುವುದು ಬೇರೆಯೇ ಶಾಸ್ತ್ರ, ಅದನ್ನು ನನಗೆ ಯಾರೂ ಹೇಳಿಕೊಟ್ಟಿಲ್ಲ. ಊದುವ ರಭಸಕ್ಕೆ ಎರಡು ವೈರು ಕಳಚಿ ಬಂದಿದ್ದವು. ಕೆಂಪು ಎಲ್ಲಿತ್ತು, ಕಪ್ಪು ಎಲ್ಲಿತ್ತು? ನೋಟ್‌ಬುಕ್ ನೋಡಿದೆ. ಅದರಲ್ಲಿ ಎಲ್ಲ ಇತ್ತು, ಇದೊಂದು ಇರಲಿಲ್ಲ. ಕೈಗೆ ಸಿಕ್ಕ ಕಡೆ ಸಿಕ್ಕಿಸಿ, ಮುಚ್ಚಳ ಹಾಕಿ, ಸ್ಕ್ರೂ ತಿರುಗಿಸಿದೆ. ಮೂರು ಸ್ಕ್ರೂ ಮಿಕ್ಕವು. ಹಗುರವಾದಷ್ಟೂ ಒಳ್ಳೆಯದು ಎಂದು ಸಮಾಧಾನ ಮಾಡಿಕೊಂಡು, ಎಳೆದು ಜಾಗಕ್ಕೆ ತಂದು, ಸ್ವಿಚ್ ಹಾಕಿದೆ.

ಮೆಷಿನ್ ಬಿಸಿಯಾಗಲಿಲ್ಲ! ಸ್ವಲ್ಪವೂ ಆಗಲಿಲ್ಲ. ಯಾಕೆಂದರೆ ಅದು ಶುರುವೇ ಆಗಲಿಲ್ಲ.

ಒಂದು ಗಂಟೆ ಹೊಡೆಯುವುದಕ್ಕೂ ಹೆಂಡತಿ ಒಳಗೆ ಬರುವುದಕ್ಕೂ ಸರಿಹೋಯಿತು. ಅವಳು ಮೊದಲು ನನ್ನ ಕಪ್ಪು ಮುಖ ನೋಡಿದಳು. ಆಮೇಲೆ ನೆಲದ ಮೇಲಿನ ಮೂರು ಸ್ಕ್ರೂ ನೋಡಿದಳು. ರಾಡು ಸಿಕ್ಕಿಸಿದ ಹೋಲ್ಡರ್ ಎತ್ತಿ ಕಬ್ಬಿಣಕ್ಕೆ ತಾಗಿಸಿದಳು. ಟಕ್. ಕಿಡಿಯಿಲ್ಲ. ಟಕ್, ಟಕ್.

“ಬಿಚ್ಚಿದ್ರಾ?”

ನಾನು ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಮರೆಮಾಡಿದೆ.

“ಬೇಡ ಅಂದಿದ್ನೋ ಇಲ್ವೋ?”

“ಧೂಳು ಬಹಳ ಇತ್ತು ಕಣೇ...”

“ಧೂಳು ಇತ್ತು, ಮೆಷಿನ್ ಕೂಡ ಇತ್ತು! ನಿಧಾನಕ್ಕಾದ್ರೂ ಓಡ್ತಿತ್ತಲ್ರೀ! ಐದು ಗಂಟೆಗೆ ಆ ಹೆಂಗಸು ಊರುಗೋಲು ಹಿಡ್ಕೊಂಡು ಬಂದು ಈ ಮೆಟ್ಟಿಲ ಮುಂದೆ ನಿಂತ್ಕೊಳ್ತಾಳೆ. ಆಗ ನಾನೇನು ಹೇಳ್ಲಿ? ನಮ್ಮ ಮನೇಲಿ ವಿಜ್ಞಾನ ನಡೀತಿದೆ, ನೀವು ಆರೈಕೆ ಕೇಂದ್ರಕ್ಕೆ ಹೋಗಿ ಅನ್ಲಾ?”

ಅವಳ ಕಣ್ಣಿನಲ್ಲಿ ನೀರು ಬಂದಿತ್ತು. ಬೈದಿದ್ದಕ್ಕೆ ನನಗೇನೂ ಬೇಜಾರಾಗಲಿಲ್ಲ, ಬೈಸಿಕೊಂಡು ಅಭ್ಯಾಸವಿದೆ. ಆ ನೀರು ನೋಡಿ ಮಾತ್ರ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸ್ಕ್ರೂಡ್ರೈವರನ್ನು ಅವಳ ಕೈಗೆ ಕೊಟ್ಟು ಗೋಡೆಗೆ ಒರಗಿ ನಿಂತೆ.

ಅವಳು ಕಣ್ಣು ಒರೆಸಿಕೊಂಡು ಕೂತಳು. ಅಪ್ಪನ ಪಕ್ಕ ಕೂತು ಕಲಿತ ಕೈ. ಮುಚ್ಚಳ ತೆಗೆದಳು, ಕೆಂಪು ವೈರನ್ನು ಅದರ ಮನೆಗೆ ಕಳಿಸಿದಳು, ಕಪ್ಪನ್ನು ಅದರ ಮನೆಗೆ. ತಿರುಗುವ ಫ್ಯಾನಿಗೆ ಅಡ್ಡ ಬಂದಿದ್ದ ನನ್ನ ಕರ್ಚೀಫನ್ನು ಎರಡು ಬೆರಳಲ್ಲಿ ಎತ್ತಿ ಹೊರಗಿಟ್ಟಳು. ಹದಿನಾಲ್ಕು ಸ್ಕ್ರೂಗಳೂ ತಮ್ಮ ತಮ್ಮ ತೂತು ಸೇರಿದವು. ಒಂದೂ ನಲವತ್ತೈದಕ್ಕೆ ಮೆಷಿನ್ ಗುಂಯ್ ಎಂದಿತು. ಆ ಸದ್ದು ಕೇಳಿ ನನಗೆ ಹೋದ ಜೀವ ಬಂದ ಹಾಗಾಯಿತು.

ಒಂದೂ ಐವತ್ಮೂರಕ್ಕೆ ಮತ್ತೆ ನಿಂತಿತು.

ಇಷ್ಟು ಹೊತ್ತೂ ಮೆಷಿನ್ ನಿಂತಾಗಲೆಲ್ಲ ಅವಳು ಹಿತ್ತಲಿಗೋ ಎದುರು ಮನೆಗೋ ಹೋಗುತ್ತಿದ್ದಳು. ಈಗ ಪೈಪು ಕತ್ತರಿಸಿ ಆಗಿತ್ತು, ತೂತು ಹೊಡೆದೂ ಆಗಿತ್ತು. ಹೋಗಲು ಎಲ್ಲೂ ಇಲ್ಲದೆ ಅವಳು ಕಿವಿಯ ಹತ್ತಿ ತೆಗೆದು ಮೆಷಿನ್ನಿನ ಪಕ್ಕವೇ ಸ್ಟೂಲಿನ ಮೇಲೆ ತಲೆಗೆ ಕೈಹಚ್ಚಿ ಕೂತಳು. ನಾನು ಅಲ್ಲಿ ನಿಲ್ಲಲಾರದೆ, ಮನೆ ಮತ್ತು ಶೆಡ್ಡಿನ ನಡುವಿನ ಓಣಿಯಂಥ ಜಾಗಕ್ಕೆ ಹೋಗಿ, ಒಂದು ನಿಮಿಷದ ಕೆಲಸ ಮುಗಿಸಿ, ವಾಪಸು ಬಂದೆ.

ಅವಳು ತಲೆಯೆತ್ತಿ ಮೆಷಿನ್ನನ್ನೇ ನೋಡುತ್ತಿದ್ದಳು.

“ರೀ, ಫ್ಯಾನ್ ನಿಂತೋಯ್ತು.”

“ಯಾವ ಫ್ಯಾನು?”

“ಮೆಷಿನ್ ಒಳಗಿಂದು. ಈಗ ತಾನೇ ತಿರುಗ್ತಿತ್ತು. ಇದ್ದಕ್ಕಿದ್ದ ಹಾಗೆ ನಿಂತೋಯ್ತು. ಅದೂ ಕೆಟ್ಟಿತಾ?”

“ಇಲ್ಲ ಇಲ್ಲ, ಅದು ಕೆಟ್ಟಿಲ್ಲ,” ಎಂದು ನಾನು ಧೈರ್ಯ ಹೇಳಿದೆ. “ಓಣಿಯಲ್ಲಿ ಮೆಷಿನ್ನಿನ ಮೇನ್ ಸ್ವಿಚ್ ಆಫ್ ಮಾಡಿ ಬಂದೆ, ಅಷ್ಟೇ.”

ಅವಳು ನಿಧಾನವಾಗಿ ಕೈಚಾಚಿ ನನ್ನ ನೋಟ್‌ಬುಕ್ ಎತ್ತಿಕೊಂಡಳು. ಗಟ್ಟಿಯಾಗಿ ಓದತೊಡಗಿದಳು.

“‘ಒಂಬತ್ತು ಹದಿಮೂರು: ಯಂತ್ರ ನಿಂತಿತು. ವಿದ್ಯುತ್ ಉಳಿತಾಯಕ್ಕಾಗಿ ಮೇನ್ ಸ್ವಿಚ್ ಆಫ್ ಮಾಡಲಾಯಿತು. ಹತ್ತು ಒಂದು: ಯಂತ್ರ ನಿಂತಿತು. ವಿದ್ಯುತ್ ಉಳಿತಾಯಕ್ಕಾಗಿ ಮೇನ್ ಸ್ವಿಚ್ ಆಫ್ ಮಾಡಲಾಯಿತು. ಹತ್ತು ಐವತ್ತು...’ ಇದೇನ್ರೀ ಇದು?”

“ಕೆಲಸ ಇಲ್ಲದೆ ಫ್ಯಾನ್ ಸುಮ್ನೆ ತಿರುಗ್ತಿರತ್ತೆ ಕಣೇ. ವೇಸ್ಟಲ್ವಾ? ನೀನು ಮತ್ತೆ ರಾಡ್ ಟಕ್ ಟಕ್ ಅನ್ನಿಸಿದ ತಕ್ಷಣ ಆನ್ ಮಾಡ್ತೀನಿ. ನಿನಗೆ ಗೊತ್ತೇ ಆಗಲ್ಲ!”

ಕೊನೆಯ ಮಾತನ್ನು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಶಾಲೆಯಲ್ಲಿ ಖಾಲಿ ಕ್ಲಾಸುಗಳ ಫ್ಯಾನು ಆರಿಸುತ್ತ ಮೂವತ್ತೊಂದು ವರ್ಷ ಓಡಾಡಿದವನು ನಾನು. ಬೀಳ್ಕೊಡುಗೆಯ ದಿನ ಹೆಡ್‌ಮಾಸ್ಟರು ಅದನ್ನೇ ಹೊಗಳಿ ಶಾಲು ಹೊದಿಸಿದ್ದರು.

“ಎಷ್ಟು ದಿನದಿಂದ ಈ ಸೇವೆ?”

“ರಿಟೈರ್ ಆದ ಮಾರನೇ ದಿನದಿಂದ.”

“ಅಂದ್ರೆ ಎರಡು ತಿಂಗಳು,” ಎಂದಳು ಅವಳು. ಎದ್ದು ನಿಂತಳು. “ಮೆಷಿನ್ ನಿಂತ ಮೇಲೇನೇ ಆ ಫ್ಯಾನ್ ತಿರುಗ್ಬೇಕು ಮೇಷ್ಟ್ರೇ! ಒಳಗಿನ ಬಿಸಿನ ಹೊರಗೆ ಹಾಕೋದು ಅದೊಂದೇ! ಅದು ತಿರುಗಿದ್ರೆ ಆರು ನಿಮಿಷಕ್ಕೆ ತಣ್ಣಗಾಗತ್ತೆ. ಅದನ್ನ ನಿಲ್ಸಿದ್ರೆ ಬಿಸಿ ಎಲ್ಲಿಗೆ ಹೋಗ್ಬೇಕು? ನಿಮ್ಮ ನೋಟ್‌ಬುಕ್ಕಿಗಾ?”

ಶಾಖ ಹೇಗೆ ಹೊರಹೋಗುತ್ತದೆ ಎಂಬ ಪಾಠವನ್ನು ನಾನು ಸುಮಾರು ಎರಡು ಸಾವಿರ ಮಕ್ಕಳಿಗೆ ಮಾಡಿದ್ದೇನೆ. ಚಿತ್ರ ಬಿಡಿಸಿ, ಬಾಣದ ಗುರುತು ಹಾಕಿ ಮಾಡಿದ್ದೇನೆ! ಉತ್ತರ ತಪ್ಪು ಬರೆದವರ ಕಿವಿ ಹಿಂಡಿದ್ದೇನೆ. ಆ ಹಿಂಡಿದ ಕಿವಿಗಳೆಲ್ಲ ಒಟ್ಟಿಗೆ ಬಂದು ನನ್ನ ಮುಂದೆ ನಿಂತ ಹಾಗಾಯಿತು.

ಬಾಗಿಲಲ್ಲಿ ಅತ್ತೆ ನಿಂತಿದ್ದರು, ಕೈಯಲ್ಲಿ ಕಪ್ಪು ಬೆಡ್‌ಶೀಟುಗಳ ಬುಟ್ಟಿ ಹಿಡಿದು.

“ಹಾಗಾದ್ರೆ ಅವರ ಮೆಷಿನ್‌ಗೆ ಏನೂ ಆಗಿಲ್ವಾ?”

“ಏನೂ ಆಗಿಲ್ಲಮ್ಮ. ಗಟ್ಟಿಯಾಗಿದೆ. ನಿನ್ನ ಅಳಿಯಂದಿರು ಬಿಟ್ಟರೆ ಇನ್ನೂ ಇಪ್ಪತ್ತು ವರ್ಷ ಓಡತ್ತೆ.”

ಅತ್ತೆ ಬುಟ್ಟಿಯನ್ನು ಕೆಳಗಿಟ್ಟು ಮೆಷಿನ್ನಿನ ಮೈಯನ್ನು ಒಮ್ಮೆ ಸವರಿದರು. ಎಷ್ಟು ತೊಳೆದರೂ ಮುಖದಲ್ಲಿ ಉಳಿದಿದ್ದ ಕಪ್ಪಿನ ನಡುವೆಯೇ ನಕ್ಕರು. ಆ ನಗು ನೋಡಿ ನನ್ನ ಹೆಂಡತಿಯೂ ನಗಲು ಶುರುಮಾಡಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಗಲು ಪ್ರಯತ್ನಿಸಿದೆ. “ನೀವು ನಗ್ಬೇಡಿ!” ಎಂದು ಇಬ್ಬರೂ ಒಟ್ಟಿಗೆ ಗದರಿದರು.

ತೀರ್ಪು ಅಲ್ಲೇ ಹೊರಬಿತ್ತು. ಬೆಡ್‌ಶೀಟು ಒಗೆಯುವುದು ನನ್ನ ಪಾಲಿಗೆ. ಓಣಿಗೆ ನನ್ನ ಪ್ರವೇಶ ನಿಷಿದ್ಧ. ಅತ್ತೆ ನನ್ನದೇ ನೋಟ್‌ಬುಕ್ಕಿನ ಹಾಳೆ ಹರಿದು, ಮೇನ್ ಸ್ವಿಚ್ಚಿನ ಮೇಲೆ ಅಂಟಿಸಿದರು: ‘ಯಾರೂ ಮುಟ್ಟಬಾರದು. ಅಳಿಯಂದಿರು ವಿಶೇಷವಾಗಿ.’ ಕೆಳಗೆ ಅಡಿಗೆರೆಯನ್ನೂ ಹಾಕಿದ್ದರು.

ಆಮೇಲೆ ನಡೆದದ್ದೇ ನಿಜವಾದ ಕೆಲಸ. ನಾನು ಹಿತ್ತಲಿನಲ್ಲಿ ಸೋಪಿನ ನೊರೆಯ ನಡುವೆ ಕೂತು ಕೇಳಿಸಿಕೊಂಡೆ. ಎಂಟು ನಿಮಿಷ ಚರಚರ ಕಿಡಿಯ ಸದ್ದು. ಆರು ನಿಮಿಷ ಬರೀ ಫ್ಯಾನಿನ ಸದ್ದು. ಆ ಆರು ನಿಮಿಷದಲ್ಲೂ ಅವಳು ಸುಮ್ಮನಿರುತ್ತಿರಲಿಲ್ಲ. ಆಗಿನ ಬೆಸುಗೆ ಉಜ್ಜಿ ನಯ ಮಾಡುತ್ತಿದ್ದಳು, ಮುಂದಿನದನ್ನು ಅಳತೆ ನೋಡಿ ಹೊಂದಿಸುತ್ತಿದ್ದಳು, ಒಂದು ಗುಟುಕು ನೀರು ಕುಡಿಯುತ್ತಿದ್ದಳು. ಮೆಷಿನ್ ತಯಾರಾಗುವ ಹೊತ್ತಿಗೆ ಅವಳೂ ತಯಾರು. ಮಾವ ಕಲಿಸಿದ ಲಯ ಅದು. ನಾನು ಅದನ್ನೇ ಎರಡು ತಿಂಗಳಿಂದ ಕಾಯಿಲೆ ಎಂದು ತಿಳಿದಿದ್ದೆ. ಒಗೆಯುತ್ತಾ ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳ ಬಗ್ಗೆ ಹೆಮ್ಮೆಯಾಯಿತು. ಇದನ್ನು ಅವಳಿಗೆ ಇನ್ನೂ ಹೇಳಿಲ್ಲ.

ಮೂರೂವರೆಗೆ ಮೂವತ್ತಾರನೇ ಬೆಸುಗೆ ಮುಗಿಯಿತು. ಎರಡೂ ಕಂಬಿಗಳನ್ನು ನಾನೂ ಅವಳೂ ಹೊತ್ತು ರಸ್ತೆ ದಾಟಿಸಿದೆವು. ನನಗೆ ಹೊರುವ ಅಧಿಕಾರ ಮಾತ್ರ ಇತ್ತು, ಸಲಹೆ ಕೊಡುವ ಅಧಿಕಾರ ಇರಲಿಲ್ಲ. ಬೋಲ್ಟು ಬಿಗಿಯುತ್ತ ಕೊನೆಯದೊಂದನ್ನು ಮಾತ್ರ ಅವಳು ನನ್ನ ಕೈಗೆ ಬಿಟ್ಟಳು. ಆಮೇಲೆ ತಾನೇ ಇನ್ನೊಂದು ಸುತ್ತು ಬಿಗಿದಳು. ಅತ್ತೆ ಇಸ್ತ್ರಿ ಮಾಡಿಯೇ ಒಣಗಿಸಿದ ಬೆಡ್‌ಶೀಟುಗಳನ್ನು ಮೇಲೆ ಹಾಸಿ ಬಂದರು. ಐದಕ್ಕೆ ಹತ್ತು ನಿಮಿಷ ಇರುವಾಗ ಹೆಂಡತಿ ಕಂಬಿ ಹಿಡಿದು ತನ್ನ ಮೈಭಾರವನ್ನೆಲ್ಲ ಹಾಕಿ ಜಗ್ಗಿದಳು. ಅದು ಅಲುಗಲಿಲ್ಲ.

ಐದಕ್ಕೆ ಸರಿಯಾಗಿ ಕಾರು ಬಂತು. ನರ್ಸಕ್ಕ ಊರುಗೋಲು ಹಿಡಿದು ಇಳಿದರು. ಕಂಬಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಊರುಗೋಲನ್ನು ನನ್ನ ಹೆಂಡತಿಯ ಕೈಗೆ ಕೊಟ್ಟರು. ಮಾತು ಮಾತ್ರ ಎಂದಿನ ಹಾಗೇ ಗಡುಸು.

“ಯಾರೂ ನನ್ನ ಹಿಡ್ಕೋಬೇಡಿ. ಹಿಡ್ಕೊಳ್ಳೋಕೆ ಇದು ಮಾಡ್ಸಿದೀನಲ್ಲ.”

ಒಂದು ಮೆಟ್ಟಿಲು. ಎರಡು. ಮೂರು. ಬೀದಿಯೇ ಉಸಿರು ಬಿಗಿಹಿಡಿದು ನೋಡುತ್ತಿತ್ತು. ನಾಲ್ಕು. ಐದನೇ ಮೆಟ್ಟಿಲಿನಲ್ಲಿ ನರ್ಸಕ್ಕ ನಿಂತುಬಿಟ್ಟರು. ಮುಖ ಕೆಂಪಗಾಗಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು. ಎರಡೂ ಕಂಬಿಗಳನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಅಲ್ಲಾಡದೆ ನಿಂತರು.

ನನಗೆ ಇನ್ನು ತಡೆಯಲಾಗಲಿಲ್ಲ. ಎರಡೆರಡು ಮೆಟ್ಟಿಲು ಹಾರಿ ಅವರ ಪಕ್ಕಕ್ಕೆ ಹೋಗಿ ನಿಂತೆ.

“ಏನಾಯ್ತು ನರ್ಸಕ್ಕ? ಎಲ್ಲಿ ಹಿಡ್ಕೊಂಡಿತು? ಮಂಡಿಯಲ್ಲಾ, ಸೊಂಟದಲ್ಲಾ? ಕಾಲು ಸ್ವಲ್ಪ ಈ ಕಡೆ ತಿರುಗಿಸಿ, ನಾನು ನೋಡ್ತೀನಿ!”

ಕೆಳಗಿನಿಂದ ನನ್ನ ಹೆಂಡತಿಯ ಕೂಗು ಇಡೀ ಬೀದಿಗೆ ಕೇಳಿಸಿತು:

“ರೀ! ಮುಟ್ಟಬೇಡಿ ಅವರನ್ನ! ಅವರಿಗೆ ಏನೂ ಆಗಿಲ್ಲ, ಸ್ವಲ್ಪ ಬಿಸಿಯಾಗಿದಾರೆ ಅಷ್ಟೇ. ಆರು ನಿಮಿಷ ನೀವು ಸುಮ್ನಿದ್ರೆ ತಾವಾಗೇ ಹೊರಡ್ತಾರೆ!”